ಹದಿನೆಂಟು ತುಂಬುವ ಹೊತ್ತಿಗೆ ಫ್ಯೂಚರ್ಸ್: ಸಣ್ಣ ಗಂಟಿನವರು ಎಲ್ಲಿಂದ ಶುರು ಮಾಡಬೇಕು

ಪಿಯುಸಿ ಓದುತ್ತಿರುವ ಅಥವಾ ಆಗತಾನೇ ಡಿಗ್ರಿಗೆ ಸೇರಿದ ಮಕ್ಕಳು ಫ್ಯೂಚರ್ಸ್ ಡೇ ಟ್ರೇಡಿಂಗ್ (ಮುಂದಿನ ದಿನಾಂಕದ ಕರಾರುಗಳನ್ನು ಒಂದೇ ದಿನದೊಳಗೆ ಕೊಂಡು ಮಾರುವುದು) ಬಗ್ಗೆ ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಕೈಯಲ್ಲಿ ಹದಿನೈದು ಇಪ್ಪತ್ತು ಸಾವಿರ ಇದೆ, ಚಾರ್ಟಿಗೆ ಯಾವ ಇಂಡಿಕೇಟರ್ (ಬೆಲೆಯ ಸೂಚಕ) ಹಾಕಿಕೊಂಡರೆ ಒಳ್ಳೆಯದು?’ ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಸಿಗಬೇಕು. ನೀವು ಕೊಳ್ಳಲು ಹೊರಟಿರುವ ಒಂದು ಲಾಟ್ (ಒಂದು ಸಲಕ್ಕೆ ಕೊಳ್ಳಲೇಬೇಕಾದ ಕನಿಷ್ಠ ಗಾತ್ರ) ಎಷ್ಟು ದೊಡ್ಡದು, ನಿಮ್ಮ ಗಂಟು ಎಷ್ಟು ಚಿಕ್ಕದು ಎಂಬುದೇ ಆ ಪ್ರಶ್ನೆ. ಹದಿನೈದು ವರ್ಷಗಳಿಂದ ಈ ಪೇಟೆಯಲ್ಲಿರುವ ನನ್ನ ಅನುಭವದಲ್ಲಿ, ಹೊಸಬರ ದುಡ್ಡು ಕರಗುವುದು ಚಾರ್ಟ್ ಓದಲು ಬಾರದ್ದರಿಂದಲ್ಲ, ತಮ್ಮ ಶಕ್ತಿಗೆ ಮೀರಿದ ಅಳತೆಯಲ್ಲಿ ವಹಿವಾಟು ಮಾಡಿದ್ದರಿಂದ. ಆದ್ದರಿಂದ ಈ ಬರಹದ ಬಹುಪಾಲು ಅಳತೆಯ ಲೆಕ್ಕವೇ ಇದೆ.

ಮೊದಲು ವಯಸ್ಸಿನ ಮಾತು. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ, ಫ್ಯೂಚರ್ಸ್ ಎಂಬುದೂ ಒಂದು ಕರಾರೇ. ಹದಿನೆಂಟು ತುಂಬದವರ ಹೆಸರಿನಲ್ಲಿ ಪೋಷಕರು ಡಿಮ್ಯಾಟ್ ಖಾತೆ ತೆರೆದು ಷೇರುಗಳನ್ನು ಇಡಬಹುದು, ಆದರೆ ಆ ಖಾತೆಯಿಂದ ಇಂಟ್ರಾಡೇ (ಒಂದೇ ದಿನದೊಳಗಿನ ವಹಿವಾಟು) ಆಗಲಿ ಫ್ಯೂಚರ್ಸ್ ಆಗಲಿ ಮಾಡುವಂತಿಲ್ಲ. ‘ಅಪ್ಪನ ಖಾತೆಯ ಪಾಸ್‌ವರ್ಡ್ ನನ್ನ ಹತ್ತಿರ ಇದೆ’ ಎನ್ನುವವರು ಹಲವರಿದ್ದಾರೆ. ಆ ದಾರಿ ಹಿಡಿಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅಲ್ಲಿ ಆಗುವ ಪ್ರತಿಯೊಂದು ವಹಿವಾಟೂ ಕಾನೂನಿನ ದೃಷ್ಟಿಯಲ್ಲಿ ನಿಮ್ಮ ತಂದೆಯವರದೇ, ನಷ್ಟವೂ ಅವರದೇ. ಸಂಬಳದವರಾದ ಅವರು ಅಷ್ಟು ವರ್ಷ ತುಂಬುತ್ತಿದ್ದ ಸರಳ ರಿಟರ್ನ್ ಬಿಟ್ಟು, ವ್ಯಾಪಾರದ ಆದಾಯ ತೋರಿಸುವ ಐಟಿಆರ್-3 ತುಂಬಬೇಕಾಗುತ್ತದೆ. ಇದು ಅವರಿಗೆ ಗೊತ್ತಿಲ್ಲದೆ ನಡೆದಿದ್ದರೆ ದುಡ್ಡಿಗಿಂತ ದೊಡ್ಡದೊಂದು ಮನೆಯಲ್ಲಿ ಮುರಿಯುತ್ತದೆ.

ಹದಿನೆಂಟರ ಮುಂಚಿನ ಕಾಲವನ್ನು ಸಿದ್ಧತೆಗೆ ಬಳಸಿಕೊಳ್ಳಿ. ಚಿಕ್ಕವರಿದ್ದಾಗ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ನಿಮ್ಮ ಫೋಟೋ ಮತ್ತು ಸಹಿ ಇರುವುದಿಲ್ಲ, ಹದಿನೆಂಟು ತುಂಬಿದ ಮೇಲೆ ಅವುಗಳನ್ನು ಸೇರಿಸಿ ಹೊಸ ಕಾರ್ಡು ಪಡೆಯಬೇಕು. ಮೈನರ್ ಬ್ಯಾಂಕ್ ಖಾತೆಯನ್ನು ಮೇಜರ್ ಖಾತೆಯಾಗಿ ಬದಲಾಯಿಸಿ, ಆಧಾರ್‌ಗೆ ನಿಮ್ಮದೇ ಮೊಬೈಲ್ ಸಂಖ್ಯೆ ಜೋಡಿಸಿಕೊಳ್ಳಿ. ಫ್ಯೂಚರ್ಸ್ ವಿಭಾಗ ತೆರೆಯಬೇಕಾದರೆ ಬ್ರೋಕರ್ ಆದಾಯದ ದಾಖಲೆ ಕೇಳುತ್ತಾರೆ. ಸಂಬಳವಿಲ್ಲದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಅಥವಾ ಡಿಮ್ಯಾಟ್‌ನಲ್ಲಿರುವ ಷೇರುಗಳ ವಿವರವೇ ಗತಿ. ಅರ್ಜಿಯಲ್ಲಿ ಇಲ್ಲದ ಆದಾಯ ಬರೆಯಬೇಡಿ.

ಈಗ ಅಳತೆಗೆ ಬರೋಣ. ಮುಂದಿನ ಒಂದು ದಿನಾಂಕಕ್ಕೆ ಇಂದೇ ಬೆಲೆ ಗೊತ್ತುಮಾಡಿಕೊಳ್ಳುವ ಕರಾರಿಗೆ ಫ್ಯೂಚರ್ಸ್ ಎನ್ನುತ್ತಾರೆ. ಇಡೀ ಮೌಲ್ಯವನ್ನು ಕೊಡದೆ, ಮಾರ್ಜಿನ್ ಎಂಬ ಒಂದು ಭಾಗವನ್ನಷ್ಟೇ ಠೇವಣಿಯಾಗಿ ಇಟ್ಟು ಕರಾರು ಮಾಡಿಕೊಳ್ಳಬಹುದು. ಆದರೆ ಲಾಭ ನಷ್ಟಗಳು ಇಡೀ ಮೌಲ್ಯದ ಮೇಲೆಯೇ ಬರುತ್ತವೆ. ನಮ್ಮ ದೇಶದಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇ 2000ದ ಜೂನ್‌ನಲ್ಲಿ ನಿಫ್ಟಿ (ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಫ್ಯೂಚರ್ಸ್ ಆರಂಭಿಸಿತು. ಸಣ್ಣ ಹೂಡಿಕೆದಾರರು ಲೆಕ್ಕವಿಲ್ಲದೆ ನುಗ್ಗುತ್ತಿರುವುದನ್ನು ಕಂಡು ಷೇರುಪೇಟೆಯ ನಿಯಂತ್ರಕ ಸೆಬಿ 2024ರ ನವೆಂಬರ್‌ನಿಂದ ಸೂಚ್ಯಂಕ ಕರಾರುಗಳ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿತು. ಅದರಿಂದ ನಿಫ್ಟಿಯ ಲಾಟ್ 25ರಿಂದ 75ಕ್ಕೆ ಹೋಯಿತು. ಲಾಟ್‌ನ ಗಾತ್ರ ಕಾಲಕಾಲಕ್ಕೆ ಬದಲಾಗುತ್ತಿರುತ್ತದೆ, ನೀವು ಲೆಕ್ಕ ಹಾಕುವ ದಿನದ ಸಂಖ್ಯೆಯನ್ನೇ ಹಾಕಿಕೊಳ್ಳಿ. ನಾನಿಲ್ಲಿ 2025ರ ಲೆಕ್ಕ ಕೊಡುತ್ತೇನೆ: ನಿಫ್ಟಿ 25,000, ಲಾಟ್ 75.

ನಿಫ್ಟಿಯ ಒಂದು ಪಾಯಿಂಟ್‌ಗೆ ಒಂದು ರೂಪಾಯಿ ಎಂದು ಹಿಡಿದು 75ನ್ನು 25,000ದಿಂದ ಗುಣಿಸಿದರೆ ಒಂದು ಲಾಟ್‌ನ ಮೌಲ್ಯ 18,75,000 ರೂಪಾಯಿ. ಇದಕ್ಕೆ ಬೇಕಾಗುವ ಮಾರ್ಜಿನ್ ಎರಡು ಲಕ್ಷಕ್ಕೂ ಮೇಲೆ. ಹಿಂದೆಲ್ಲ ಬ್ರೋಕರ್‌ಗಳು ಇಂಟ್ರಾಡೇಗೆಂದು ಇದರ ಒಂದು ತುಣುಕು ಹಣಕ್ಕೇ ಅವಕಾಶ ಕೊಡುತ್ತಿದ್ದರು. 2021ರ ಸೆಪ್ಟೆಂಬರ್‌ನಲ್ಲಿ ಪೀಕ್ ಮಾರ್ಜಿನ್ ನಿಯಮ ಪೂರ್ತಿಯಾಗಿ ಜಾರಿಗೆ ಬಂದ ಮೇಲೆ ಅದು ನಿಂತಿದೆ. ಐದು ನಿಮಿಷ ಇಟ್ಟುಕೊಂಡರೂ ಪೂರ್ತಿ ಮಾರ್ಜಿನ್ ಬೇಕು. ಇದನ್ನು ಅನ್ಯಾಯ ಎಂದು ಬೈಯುವವರಿದ್ದಾರೆ, ನನಗೆ ಇದು ಬಾವಿಗೆ ಕಟ್ಟಿದ ಕಟ್ಟೆಯಂತೆ ಕಾಣುತ್ತದೆ.

ಯಾರೋ ಬಂಧುಗಳು ಎರಡೂವರೆ ಲಕ್ಷ ಕೊಟ್ಟರು ಎಂದೇ ಇಟ್ಟುಕೊಳ್ಳಿ. ಆಗಲೂ ಖರ್ಚಿನ ಲೆಕ್ಕ ಬಾಕಿ ಇರುತ್ತದೆ. ಒಂದು ಲಾಟ್ ಕೊಂಡು ಅದೇ ದಿನ ಮಾರಿದರೆ, ಮಾರಾಟದ ಮೇಲೆ 2025ರಲ್ಲಿದ್ದ ಶೇಕಡಾ 0.02ರ ದರದಂತೆ ಷೇರು ವಹಿವಾಟು ತೆರಿಗೆ ಅಂದರೆ ಎಸ್‌ಟಿಟಿ 375 ರೂಪಾಯಿ. 2024ರ ಅಕ್ಟೋಬರ್ 1ರ ತನಕ ಇದು 0.0125 ಇತ್ತು. ಈ ದರ ಏರುವುದೇ ಹೊರತು ಇಳಿಯುವುದು ಅಪರೂಪ. ಕೊಳ್ಳುವಾಗ ಸ್ಟಾಂಪ್ ಡ್ಯೂಟಿ 37 ರೂಪಾಯಿ ಚಿಲ್ಲರೆ. ಎರಡೂ ಕಡೆಯ ಎಕ್ಸ್‌ಚೇಂಜ್ ಶುಲ್ಕ ಸುಮಾರು 65. ಆರ್ಡರಿಗೆ 20ರಂತೆ ಬ್ರೋಕರೇಜ್ 40. ಸೆಬಿ ಶುಲ್ಕ ಮತ್ತು ಜಿಎಸ್‌ಟಿ ಸೇರಿ ಇನ್ನೊಂದು 24. ಒಟ್ಟು 540 ರೂಪಾಯಿಯ ಆಸುಪಾಸು. ಅದನ್ನು 75ರಿಂದ ಭಾಗಿಸಿದರೆ 7.2 ಪಾಯಿಂಟ್. ಅಂದರೆ ನಿಫ್ಟಿ ನಿಮ್ಮ ಪರವಾಗಿ ಏಳು ಪಾಯಿಂಟ್ ಓಡಿದ ಮೇಲಷ್ಟೇ ನಿಮ್ಮ ಮೊದಲ ರೂಪಾಯಿ ಲಾಭ ಹುಟ್ಟುತ್ತದೆ.

ಇದನ್ನು ನಷ್ಟದ ಮಿತಿಯೊಂದಿಗೆ ಜೋಡಿಸಿ ನೋಡಿ. ಒಂದು ವಹಿವಾಟಿನಲ್ಲಿ ಬಂಡವಾಳದ ಶೇಕಡಾ ಒಂದಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬುದು ಟ್ರೇಡರ್‌ಗಳು ಪಾಲಿಸುವ ಹಳೆಯ ಕಟ್ಟುಪಾಡು. ಸತತವಾಗಿ ಹತ್ತು ಸಲ ಸೋತರೂ ತೊಂಬತ್ತು ಭಾಗ ಉಳಿದಿರಬೇಕು ಎಂಬುದು ಅದರ ಹಿಂದಿನ ತರ್ಕ. ನಿಮ್ಮ ಬಂಡವಾಳ 50,000 ಆದರೆ ಮಿತಿ 500 ರೂಪಾಯಿ. ಆದರೆ ನಿಫ್ಟಿಯಲ್ಲಿ ಬರೀ ಒಳಗೆ ಹೋಗಿ ಹೊರಬರುವ ಖರ್ಚೇ 540! ಬೆಲೆ ಅಲುಗಾಡದಿದ್ದರೂ ಮಿತಿ ದಾಟಿಹೋಯಿತು. 40 ಪಾಯಿಂಟ್‌ನ ಸಾಧಾರಣ ಸ್ಟಾಪ್ ಲಾಸ್ (ನಷ್ಟ ಅಷ್ಟಾದೊಡನೆ ಹೊರಬರಲು ಮೊದಲೇ ಹಾಕಿಡುವ ಆರ್ಡರ್) ಇಟ್ಟರೆ 3,000 ರೂಪಾಯಿ, ಖರ್ಚು ಸೇರಿ 3,540. ಇದು ಶೇಕಡಾ ಒಂದು ಆಗಬೇಕಾದರೆ ಮೂರೂವರೆ ಲಕ್ಷದ ಬಂಡವಾಳ ಬೇಕು. ಅಷ್ಟು ಹಣ ಇಲ್ಲದವರಿಗೆ ನಿಫ್ಟಿ ಫ್ಯೂಚರ್ಸ್ ಸದ್ಯಕ್ಕೆ ನೋಡಿ ಕಲಿಯುವ ವಸ್ತುವೇ ಹೊರತು ಕೈಹಾಕುವ ವಸ್ತುವಲ್ಲ. ಇದನ್ನು ನಾನು ಹೆದರಿಸಲು ಹೇಳುತ್ತಿಲ್ಲ, ಗುಣಾಕಾರ ಭಾಗಾಕಾರ ಬಿಟ್ಟು ಇದರಲ್ಲಿ ಬೇರೇನೂ ಇಲ್ಲ.

ದಾವಣಗೆರೆಯಲ್ಲಿರುವ ನನ್ನ ತಂಗಿಯ ಮಗ ದ್ವಿತೀಯ ಪಿಯುಸಿಯಲ್ಲಿದ್ದಾಗ ಇದೇ ಹುಚ್ಚಿನಲ್ಲಿದ್ದ. ಅವನಿಗೆ ನಾನು ಬೇಡ ಎನ್ನಲಿಲ್ಲ, ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟೆ. ಎರಡು ತಿಂಗಳ ರಜೆಯಲ್ಲಿ ದುಡ್ಡು ಹಾಕದೆ, ಕಾಗದದ ಮೇಲೆ ಮಾತ್ರ ನಿಫ್ಟಿ ಫ್ಯೂಚರ್ಸ್ ವಹಿವಾಟು ಬರೆಯಬೇಕು. ಸಮಯ, ಬೆಲೆ, ಕೊಂಡ ಕಾರಣ, ಸ್ಟಾಪ್ ಲಾಸ್ ಈ ನಾಲ್ಕನ್ನೂ ವಹಿವಾಟಿಗೆ ಮೊದಲೇ ಬರೆದಿರಬೇಕು, ಆಮೇಲೆ ತಿದ್ದಬಾರದು ಎಂದು ಮಾತಾಯಿತು. ರಜೆ ಮುಗಿಯುವ ಹೊತ್ತಿಗೆ ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಬಿಚ್ಚಿ ಕೂತೆವು. 31 ವಹಿವಾಟು, 14ರಲ್ಲಿ ಲಾಭ, 17ರಲ್ಲಿ ನಷ್ಟ, ಒಟ್ಟಾರೆ 46 ಪಾಯಿಂಟ್ ಲಾಭ. ‘ಮಾಮ, ಪ್ಲಸ್‌ನಲ್ಲೇ ಇದ್ದೀನಿ’ ಎಂದ. ಪ್ರತಿ ಸಾಲಿನ ಪಕ್ಕದಲ್ಲಿ ಕೆಂಪು ಪೆನ್ನಿನಿಂದ 7.2 ಎಂದು ಬರೆಯಲು ಹೇಳಿದೆ. ಮೂವತ್ತೊಂದು ಸಲ ಬರೆದು ಕೂಡಿದಾಗ 223 ಆಯಿತು. ಲಾಭದ 46 ಕಳೆದರೆ 177 ಪಾಯಿಂಟ್ ನಷ್ಟ, ಲಾಟ್‌ನ ಲೆಕ್ಕದಲ್ಲಿ 13,275 ರೂಪಾಯಿ. ಅವನು ಆ ಮೊತ್ತದ ಕೆಳಗೆ ಎರಡು ಗೆರೆ ಎಳೆದು ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ ಅವನೇ ಇನ್ನೊಂದು ಸಂಗತಿ ಕಂಡುಹಿಡಿದ: ಹನ್ನೊಂದು ಗಂಟೆಯ ಮೇಲೆ ಬರೆದ ವಹಿವಾಟುಗಳಲ್ಲಿ ‘ಕಾರಣ’ದ ಜಾಗ ಹೆಚ್ಚಾಗಿ ಖಾಲಿಯೇ ಇತ್ತು. ಬೇಸರ ಕಳೆಯಲು ಮಾಡಿದ ವಹಿವಾಟುಗಳವು.

ನೀವೂ ಇಲ್ಲಿಂದಲೇ ಶುರು ಮಾಡಿ. ಕಾಗದದ ವಹಿವಾಟಿನಲ್ಲಿ ಒಂದು ಎಚ್ಚರ ಬೇಕು. ಪರದೆಯ ಮೇಲೆ ಕಂಡ ಬೆಲೆಯನ್ನು ಬರೆಯಬೇಡಿ. ಕೊಳ್ಳುವಾಗ ಮಾರುವವನು ಕೇಳುತ್ತಿರುವ ಬೆಲೆ, ಮಾರುವಾಗ ಕೊಳ್ಳುವವನು ಕೊಡುತ್ತಿರುವ ಬೆಲೆ, ಇವನ್ನೇ ಬರೆಯಿರಿ. ಕನಿಷ್ಠ ನೂರು ವಹಿವಾಟು ಬರೆದು, ಖರ್ಚು ಕಳೆದು ಏನುಳಿಯುತ್ತದೆ ನೋಡಿ. ಜೊತೆಗೆ ಸೆಬಿ ಮತ್ತು ಎನ್‌ಐಎಸ್‌ಎಂ (ಷೇರುಪೇಟೆ ಶಿಕ್ಷಣ ಸಂಸ್ಥೆ) ಸೇರಿ ನಡೆಸುವ ಉಚಿತ ಹೂಡಿಕೆದಾರರ ಪರೀಕ್ಷೆಗೆ ಓದಿಕೊಳ್ಳಿ.

ಕಾಗದದ ಮೇಲೆ ಕೈ ಪಳಗಿದ ಮೇಲೆ, ಹದಿನೆಂಟು ತುಂಬಿದ್ದರೆ, ಎರಡನೆಯ ಮೆಟ್ಟಿಲಾಗಿ, ನಿಫ್ಟಿಯನ್ನೇ ಅನುಸರಿಸುವ, ಷೇರಿನಂತೆ ಕೊಳ್ಳಬಹುದಾದ ನಿಧಿ, ಅಂದರೆ ನಿಫ್ಟಿ ಬೀಸ್ ಎಂಬ ಇಟಿಎಫ್ ಅನ್ನು ಬಳಸಲು ಹೇಳುತ್ತೇನೆ. ಇದರ ಒಂದು ಯೂನಿಟ್ ಸ್ಥೂಲವಾಗಿ ನಿಫ್ಟಿಯ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬೆಲೆ ಬಾಳುತ್ತದೆ. ನಿಫ್ಟಿ 25,000 ಇದ್ದಾಗ ಇದು 280 ರೂಪಾಯಿ ಹತ್ತಿರವಿತ್ತು. ನಿರ್ಧಾರಗಳನ್ನು ನಿಫ್ಟಿ ಫ್ಯೂಚರ್ಸ್ ಚಾರ್ಟ್ ನೋಡಿಯೇ ಮಾಡಿ, ಆರ್ಡರನ್ನು ಮಾತ್ರ ಹತ್ತು ಬೀಸ್ ಯೂನಿಟ್‌ಗಳಲ್ಲಿ ಹಾಕಿ. ನಿಫ್ಟಿ 40 ಪಾಯಿಂಟ್ ಬಿದ್ದರೆ ನಿಮ್ಮ ನಷ್ಟ ನಾಲ್ಕೂವರೆ ರೂಪಾಯಿ. ಖರ್ಚಿನ ಪಾಲು ಇಲ್ಲಿ ದೊಡ್ಡದಾಗಿ ಕಾಣುವುದರಿಂದ ಇದರಲ್ಲಿ ಲಾಭ ನಿರೀಕ್ಷಿಸಬೇಡಿ, ಇದು ಕಲಿಕೆಯ ಶುಲ್ಕ. ಆದರೆ ನೋಟ್‌ಬುಕ್ಕಿನಲ್ಲಿ ಸಿಗದ ಒಂದು ಪಾಠ ಇಲ್ಲಿ ಸಿಗುತ್ತದೆ. ನಿಜವಾದ ದುಡ್ಡು, ಅದು ನಾಲ್ಕೂವರೆ ರೂಪಾಯಿಯೇ ಆಗಿರಲಿ, ಕೆಂಪಾದಾಗ ಸ್ಟಾಪ್ ಲಾಸ್ ಅನ್ನು ಕೆಳಕ್ಕೆ ಸರಿಸಲು ಬೆರಳು ಹೇಗೆ ಹಾತೊರೆಯುತ್ತದೆ ಎಂಬುದು ತಿಳಿಯುತ್ತದೆ. ಅಲ್ಲಿ ಬೆರಳನ್ನು ತಡೆಯಲು ಕಲಿಯದವರು ಲಾಟ್‌ನಲ್ಲಿ ತಡೆಯಲಾರರು.

ಮೂರನೆಯದಾಗಿ ನಿಜವಾದ ಫ್ಯೂಚರ್ಸ್. ಸಣ್ಣ ಗಂಟಿನವರಿಗೆ ಹೊಂದುವ ಕರಾರು ಷೇರು ಸೂಚ್ಯಂಕದಲ್ಲಿಲ್ಲ, ಎಂಸಿಎಕ್ಸ್ ಸರಕು ವಿನಿಮಯ ಕೇಂದ್ರದಲ್ಲಿದೆ. ಅಲ್ಲಿನ ಗೋಲ್ಡ್ ಪೆಟಲ್ ಕರಾರಿನ ಗಾತ್ರ ಕೇವಲ ಒಂದು ಗ್ರಾಂ ಚಿನ್ನ. ಗ್ರಾಂಗೆ 10,000 ರೂಪಾಯಿ ಎಂದುಕೊಂಡರೆ ಇಡೀ ಕರಾರಿನ ಮೌಲ್ಯವೇ 10,000, ಬೆಲೆ ಒಂದು ರೂಪಾಯಿ ಅಲುಗಿದರೆ ನಿಮಗೆ ಒಂದು ರೂಪಾಯಿ. ಮಾರ್ಜಿನ್ ಇದರ ಸಣ್ಣ ಭಾಗವಷ್ಟೇ ಸಾಕಾಗುತ್ತದೆ, ಆದರೂ ಖಾತೆಯಲ್ಲಿ ಗ್ರಾಂನ ಪೂರ್ತಿ ಬೆಲೆ ಇಲ್ಲದೆ ಪೆಟಲ್ ಮುಟ್ಟಬೇಡಿ ಎಂಬುದು ನನ್ನ ಕಟ್ಟುನಿಟ್ಟಿನ ಸಲಹೆ. 15,000 ರೂಪಾಯಿ ಇದ್ದವರು ಒಂದೇ ಒಂದು ಪೆಟಲ್, 100 ರೂಪಾಯಿಯ ಸ್ಟಾಪ್ ಲಾಸ್ ಇಟ್ಟರೆ ಖರ್ಚು ಸೇರಿಯೂ ಶೇಕಡಾ ಒಂದರ ಮಿತಿಯೊಳಗೆ ಉಳಿಯುತ್ತಾರೆ. ಇಲ್ಲಿ ಬ್ರೋಕರ್ ಆಯ್ಕೆ ಮುಖ್ಯ. ‘ಶೇಕಡಾ 0.03 ಅಥವಾ 20 ರೂಪಾಯಿ, ಯಾವುದು ಕಡಿಮೆಯೋ ಅದು’ ಎನ್ನುವ ಕಡೆ ಒಂದು ಬದಿಗೆ 3 ರೂಪಾಯಿ ಬ್ರೋಕರೇಜ್ ಬಿದ್ದು, ತೆರಿಗೆಗಳೆಲ್ಲ ಸೇರಿ ಹೋಗಿಬರುವ ಖರ್ಚು 9 ರೂಪಾಯಿ ಒಳಗೆ ಮುಗಿಯುತ್ತದೆ. ಆರ್ಡರಿಗೆ ಕಡ್ಡಾಯವಾಗಿ 20 ಎನ್ನುವ ಕಡೆ ಅದೇ ಖರ್ಚು ಐವತ್ತರ ಹತ್ತಿರ ಹೋಗಿ ವಹಿವಾಟಿಗೆ ಅರ್ಥವೇ ಉಳಿಯುವುದಿಲ್ಲ. ಪೆಟಲ್ ಕರಾರು ತಿಂಗಳ ಕೊನೆಗೆ ಚಿನ್ನದ ಡೆಲಿವರಿಯಲ್ಲಿ ಮುಗಿಯುತ್ತದೆ, ಆದ್ದರಿಂದ ಕೊನೆಯ ವಾರ ಬರುವ ಮುಂಚೆಯೇ ಮುಂದಿನ ತಿಂಗಳ ಕರಾರಿಗೆ ದಾಟಿಬಿಡಿ.

ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಷೇರುಪೇಟೆಯ ಸಮಯ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30, ಅಂದರೆ ಸರಿಯಾಗಿ ನಿಮ್ಮ ಕ್ಲಾಸಿನ ಸಮಯ. ಕೊನೆಯ ಬೆಂಚಿನಲ್ಲಿ ಡೆಸ್ಕಿನ ಕೆಳಗೆ ಮೊಬೈಲ್ ಹಿಡಿದು ಮಾಡುವ ವಹಿವಾಟಿನಿಂದ ಪಾಠವೂ ಹಾಳು, ದುಡ್ಡೂ ಹಾಳು. ಎಂಸಿಎಕ್ಸ್ ರಾತ್ರಿ 11.30ರವರೆಗೆ ತೆರೆದಿರುವುದರಿಂದ ಸಂಜೆ ಒಂದು ಗಂಟೆಯನ್ನು ಇದಕ್ಕೆಂದು ಮೀಸಲಿಡಬಹುದು. ಆದರೆ ಚಿನ್ನದ ಬೆಲೆ ಅಮೆರಿಕದ ಸುದ್ದಿಗೆ ಕುಣಿಯುತ್ತದೆ. ಅಲ್ಲಿನ ಹಣದುಬ್ಬರ ಮತ್ತು ಉದ್ಯೋಗದ ಅಂಕಿಅಂಶಗಳು ನಮ್ಮ ಗಡಿಯಾರದಲ್ಲಿ ಬೇಸಿಗೆಯಲ್ಲಿ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ ಹೊರಬೀಳುತ್ತವೆ. ಅಂಥ ದಿನ ಆ ಹೊತ್ತಿನಲ್ಲಿ ವಹಿವಾಟು ಇಲ್ಲದೆ ಸುಮ್ಮನೆ ನೋಡುತ್ತ ಕೂರುವುದೂ ಒಂದು ಅಭ್ಯಾಸ.

ಸ್ಟಾಪ್ ಲಾಸ್ ಮೇಲೆ ಕುರುಡು ನಂಬಿಕೆ ಬೇಡ. ಎಸ್‌ಎಲ್ (ಸ್ಟಾಪ್ ಲಾಸ್) ಲಿಮಿಟ್ ಆರ್ಡರಿನಲ್ಲಿ ಆರ್ಡರನ್ನು ಎಬ್ಬಿಸುವ ಟ್ರಿಗರ್ ಬೆಲೆ, ಅದಕ್ಕಿಂತ ಕೆಟ್ಟ ಬೆಲೆಗೆ ಹೋಗದಂತೆ ತಡೆಯುವ ಲಿಮಿಟ್ ಬೆಲೆ ಎಂದು ಎರಡಿರುತ್ತವೆ. ಬೆಲೆ ಎರಡನ್ನೂ ಒಂದೇ ಏಟಿಗೆ ಹಾರಿಹೋದರೆ ನಿಮ್ಮ ಆರ್ಡರ್ ಅಲ್ಲೇ ಬಾಕಿ ನಿಂತಿರುತ್ತದೆ, ನಷ್ಟ ಬೆಳೆಯುತ್ತ ಹೋಗುತ್ತದೆ. ಆದ್ದರಿಂದ ಎರಡರ ನಡುವೆ ಸಾಕಷ್ಟು ಅಂತರ ಬಿಡಿ. ಲೋಕಸಭಾ ಚುನಾವಣೆಯ ಎಣಿಕೆ ನಡೆದ 2024ರ ಜೂನ್ 4ರಂದು ನಿಫ್ಟಿ 1,379 ಪಾಯಿಂಟ್ ಕುಸಿದು 21,884ರಲ್ಲಿ ಮುಗಿಯಿತು. 75ರ ಲಾಟ್‌ಗೆ ಲೆಕ್ಕ ಹಾಕಿದರೆ ಒಂದೇ ದಿನದಲ್ಲಿ ಒಂದು ಲಕ್ಷಕ್ಕೂ ಹೆಚ್ಚು.

ಡೇ ಟ್ರೇಡಿಂಗ್ ಎಂದು ಕೊಂಡದ್ದನ್ನು ‘ನಾಳೆ ಏರಬಹುದು’ ಎಂದು ರಾತ್ರಿಗೆ ಉಳಿಸಿಕೊಳ್ಳಬಾರದು ಎಂಬುದಕ್ಕೆ 2020ರ ಏಪ್ರಿಲ್ 20ಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಲಾಕ್‌ಡೌನ್ ಕಾರಣ ಅಂದು ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚಿತು. ಆಗ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ ಸಾವಿರ ರೂಪಾಯಿಗಿಂತ ಸ್ವಲ್ಪ ಕಡಿಮೆ ಇತ್ತು. ಅದೇ ರಾತ್ರಿ ನ್ಯೂಯಾರ್ಕಿನಲ್ಲಿ ಬೆಲೆ ಸೊನ್ನೆಗಿಂತ ಕೆಳಗಿಳಿದು ಮೈನಸ್ 37.63 ಡಾಲರ್ ತಲುಪಿತು. ಇಲ್ಲಿನ ಕರಾರು ಮೈನಸ್ 2,884 ರೂಪಾಯಿಗೆ ಚುಕ್ತಾ ಆಯಿತು. ನೂರು ಬ್ಯಾರೆಲ್‌ನ ಒಂದು ಲಾಟ್ ಇಟ್ಟುಕೊಂಡು ಮಲಗಿದವರು ಎದ್ದಾಗ ಮೂರೂವರೆ ಲಕ್ಷಕ್ಕೂ ಮಿಕ್ಕಿ ಕಳೆದುಕೊಂಡಿದ್ದರು. ಫ್ಯೂಚರ್ಸ್‌ನಲ್ಲಿ ಹಾಕಿದ ಹಣಕ್ಕಿಂತ ಹೆಚ್ಚು ಸಾಲ ಮೈಮೇಲೆ ಬರಬಹುದು ಎಂದರೆ ಇದೇ.

ಬ್ರೋಕರ್ ಆ್ಯಪ್ ತೆರೆದ ಕೂಡಲೇ ಹತ್ತರಲ್ಲಿ ಒಂಬತ್ತು ಜನ ನಷ್ಟ ಅನುಭವಿಸುತ್ತಾರೆ ಎಂಬ ಎಚ್ಚರಿಕೆ ಬರುತ್ತದೆ. ಎಲ್ಲರೂ ಓದದೆ ಒತ್ತಿ ಮುಂದೆ ಹೋಗುತ್ತಾರೆ. ಅದರ ಹಿಂದೆ ಇರುವುದು ಸೆಬಿಯ ಅಧ್ಯಯನ. 2021-22ರಿಂದ 2023-24ರ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ (ಅದೇ ಪೇಟೆಯ ಇನ್ನೊಂದು ಬಗೆಯ ಕರಾರು) ಮಾಡಿದ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ನಷ್ಟದಲ್ಲಿದ್ದರು, ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತ್ತು. 2023-24ರಲ್ಲಿ ಈ ವಹಿವಾಟು ಮಾಡಿದವರ ಪೈಕಿ ಮೂವತ್ತು ವರ್ಷದೊಳಗಿನವರೇ ಶೇಕಡಾ 43. ಈ ಅಂಕಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಸಣ್ಣ ಗಂಟಿನವರನ್ನೇ ಹುಡುಕಿಕೊಂಡು ಬರುವವರೂ ಇದ್ದಾರೆ. ಟೆಲಿಗ್ರಾಂನಲ್ಲಿ ಟಿಪ್ಸ್ ಕೊಡುವವರು ಸೆಬಿಯಲ್ಲಿ ನೋಂದಾಯಿತರೇ ಎಂದು ಸೆಬಿಯ ಜಾಲತಾಣದಲ್ಲೇ ಪರೀಕ್ಷಿಸಬಹುದು. ‘ಖಾತೆ ನಮಗೆ ಕೊಡಿ, ತಿಂಗಳಿಗೆ ಇಷ್ಟು ಖಚಿತ’ ಎನ್ನುವವರ ವಿಷಯದಲ್ಲಿ ಪರೀಕ್ಷೆಯೂ ಬೇಡ, ದೂರವಿಡಿ. ವಿನಿಮಯ ಕೇಂದ್ರಕ್ಕೆ ಹೋಗದೆ ಚೀಟಿಯ ಮೇಲೆ ನಡೆಯುವ ಡಬ್ಬಾ ಟ್ರೇಡಿಂಗ್ ಕಾನೂನುಬಾಹಿರ, ಗೆದ್ದರೂ ದುಡ್ಡು ಕೇಳಲು ದಾರಿಯಿರುವುದಿಲ್ಲ. ಅಮೆರಿಕದ ಯುವಕರು ಕೆಲವು ನೂರು ಡಾಲರ್‌ಗಳಲ್ಲಿ ಮೈಕ್ರೋ ಫ್ಯೂಚರ್ಸ್ ಮಾಡುವ ವಿಡಿಯೋ ನೋಡಿ ಇಲ್ಲಿಂದಲೇ ಹಣ ಕಳಿಸಲು ಹೊರಡುವವರು ತಿಳಿದಿರಲಿ: ವಿದೇಶಿ ವಿನಿಮಯ ಕೇಂದ್ರಗಳಿಗೆ ಮಾರ್ಜಿನ್ ಹಣ ಕಳಿಸುವುದನ್ನು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆ ನಿಷೇಧಿಸಿದೆ. ಸಾಲದ ಆ್ಯಪ್‌ನಿಂದ ಪಡೆದ ಹಣ, ಕಾಲೇಜು ಫೀಸಿನ ಹಣ, ಅಮ್ಮ ಚೀಟಿ ಎತ್ತಿ ತಂದ ಹಣ, ಇವು ಯಾವುವೂ ಈ ಖಾತೆಗೆ ಬರಬಾರದು.

ತೆರಿಗೆಯ ವಿಷಯ ಚಿಕ್ಕದು. ಫ್ಯೂಚರ್ಸ್‌ನ ಲಾಭ ನಷ್ಟ ವ್ಯಾಪಾರದ ಆದಾಯ ಎನಿಸಿಕೊಳ್ಳುತ್ತದೆ. ನಷ್ಟವಾದ ವರ್ಷವೂ ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಆ ನಷ್ಟವನ್ನು ಮುಂದಿನ ಎಂಟು ವರ್ಷಗಳವರೆಗೆ ಲಾಭಕ್ಕೆ ಹೊಂದಿಸಿಕೊಳ್ಳಬಹುದು.

ಮೊದಲ ಪೆಟಲ್ ಕೊಳ್ಳುವ ದಿನ ಹೀಗೆ ಮಾಡಿ. ಮನೆಯವರಿಗೆ ಹೇಳಿ. ಸಂಜೆ ಚಾರ್ಟ್ ತೆರೆಯುವ ಮೊದಲೇ ನೋಟ್‌ಬುಕ್ಕಿನಲ್ಲಿ ಇಂದಿನ ಗರಿಷ್ಠ ನಷ್ಟ 150 ರೂಪಾಯಿ ಎಂದು ಬರೆಯಿರಿ. ಕೊಂಡ ತಕ್ಷಣ ಸ್ಟಾಪ್ ಲಾಸ್ ಆರ್ಡರ್ ಹಾಕಿ, ಅದು ನಿಜವಾಗಿ ದಾಖಲಾಗಿದೆಯೇ ಎಂದು ಆರ್ಡರ್ ಪುಸ್ತಕದಲ್ಲಿ ನೋಡಿ. ಲಾಭವಾಗಲಿ ನಷ್ಟವಾಗಲಿ ಒಂದೇ ವಹಿವಾಟು, ರಾತ್ರಿ ಒಂಬತ್ತಕ್ಕೆ ಪೊಸಿಷನ್ (ಕೈಯಲ್ಲಿರುವ ಕರಾರು) ಸೊನ್ನೆ. ಹೊರಬಂದ ಮೇಲೆ ಬಾಕಿ ಉಳಿದ ಸ್ಟಾಪ್ ಲಾಸ್ ಆರ್ಡರನ್ನು ರದ್ದು ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಅದೇ ಇನ್ನೊಂದು ಹೊಸ ವಹಿವಾಟಾಗಿ ತೆರೆದುಕೊಳ್ಳುತ್ತದೆ. ರಾತ್ರಿ ಇಮೇಲ್‌ಗೆ ಬರುವ ಕಾಂಟ್ರಾಕ್ಟ್ ನೋಟ್‌ನಲ್ಲಿ ಬ್ರೋಕರೇಜ್, ಸಿಟಿಟಿ (ಸರಕು ವಹಿವಾಟು ತೆರಿಗೆ), ಜಿಎಸ್‌ಟಿ ಒಂದೊಂದು ಸಾಲಿನಲ್ಲೂ ಏನಿದೆ ಎಂದು ಓದಿ, ನೀವು ಮೊದಲೇ ಹಾಕಿದ್ದ ಖರ್ಚಿನ ಲೆಕ್ಕದ ಪಕ್ಕದಲ್ಲಿ ಆ ಮೊತ್ತವನ್ನು ಬರೆಯಿರಿ. ಎರಡಕ್ಕೂ ವ್ಯತ್ಯಾಸವಿದ್ದರೆ ಕಾರಣ ಗೊತ್ತಾಗುವವರೆಗೆ ಎರಡನೆಯ ಪೆಟಲ್ ಕೊಳ್ಳಬೇಡಿ.